ಮೂರನೆಯ ಗುಂಡಿ

ಅರಸೀಕೆರೆಯ ಪೇಟೆಬೀದಿಯಲ್ಲಿ ತುಕಾರಾಮಣ್ಣನ ಗುಂಡಿ ಅಂಗಡಿ ಇತ್ತು. ಬರೀ ಗುಂಡಿ, ಸೂಜಿ, ದಾರ. ಅಂಗಿಯ ಗುಂಡಿ ಕಿತ್ತುಹೋದರೆ ಅಂಥದ್ದೇ ಇನ್ನೊಂದನ್ನು ಹುಡುಕಿ ಹೊಲಿದುಕೊಳ್ಳುತ್ತಿದ್ದ ಕಾಲ ಅದು. ಈಗ ಯಾರಿಗಿದೆ ಅಷ್ಟು ತಾಳ್ಮೆ? ಅಂಗಿಯನ್ನೇ ಎಸೆಯುತ್ತಾರೆ.

ತುಕಾರಾಮಣ್ಣನ ಮಗಳು ಸುಲೋಚನಾ ಆ ಅಂಗಡಿಯಲ್ಲೇ ಬೆಳೆದವಳು. ಗಿರಾಕಿ ತಂದ ಗುಂಡಿಯನ್ನು ಅಪ್ಪ ಹೆಬ್ಬೆರಳಿನಿಂದ ಒಮ್ಮೆ ಸವರುತ್ತಿದ್ದರು. ಎಷ್ಟು ತೂತು, ಎಷ್ಟು ಅಗಲ, ಅಂಚು ನುಣುಪೋ ಒರಟೋ, ಅಷ್ಟೇ. ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿ ಸರಿಯಾದ ಡಬ್ಬಿಯನ್ನೇ ಎಳೆಯುತ್ತಿದ್ದರು. ಡಬ್ಬಿಯೊಳಗೆ ಗುಂಡಿಗಳು ಗಲಗಲ ಅನ್ನುವುದನ್ನು ಕೇಳುತ್ತಲೇ ಅವಳು ಮಗ್ಗಿ ಕಲಿತದ್ದು.

ಅಪ್ಪನ ಕಣ್ಣು ಮಂಜಾದ ಮೇಲೆ ಅಂಗಡಿ ಅವಳ ಕೈಗೆ ಬಂತು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತಿದ್ದಳಲ್ಲ, ಅಂಗಡಿಗೂ ಒಂದನ್ನು ತಂದಿಟ್ಟಳು. ಹಳೆಯ ಡಬ್ಬಿಗಳನ್ನೆಲ್ಲ ಸುರಿದು, ಗುಂಡಿಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು. ನೋಡಲು ಕಣ್ಣಿಗೆ ಹಬ್ಬ. ಆಮೇಲೆ ಒಂದು ಪ್ರೋಗ್ರಾಂ ಬರೆದಳು. ಅದಕ್ಕೆ ಎರಡು ನಿಯಮ. ಬೇಕಾದ ಗುಂಡಿಯನ್ನು ಯಾವ ಡಬ್ಬಿಯಲ್ಲಿ ಹುಡುಕಬೇಕು ಅನ್ನುವುದು ಮೊದಲನೆಯದು. ಆ ಡಬ್ಬಿಯಲ್ಲಿ ಯಾವುದನ್ನು ನೋಡಿ 'ಇದೂ ಅದೂ ಒಂದೇ' ಅನ್ನಬೇಕು ಅನ್ನುವುದು ಎರಡನೆಯದು. ಎರಡರಲ್ಲೂ ಬಣ್ಣಕ್ಕೇ ಪಟ್ಟ ಕಟ್ಟಿದ್ದಳು.

"ಬಣ್ಣ ಮಾಸುತ್ತೆ ಮಗಳೇ, ಅದನ್ನ ನೆಚ್ಚಬೇಡ," ಅಂದರು ಅಪ್ಪ.

ಮಾತು ಸರಿಯೆನಿಸಿತು. ಎರಡನೆಯ ನಿಯಮ ತಿದ್ದಿದಳು: ತೂತು, ಅಗಲ, ಅಂಚು ಹೊಂದಿದರೆ ಸಾಕು, ಬಣ್ಣ ಬೇರೆಯಾದರೂ ಎರಡೂ ಒಂದೇ. ಮೊದಲನೆಯದನ್ನು ಮುಟ್ಟಲಿಲ್ಲ. ಅಷ್ಟು ಚೆಂದ ಜೋಡಿಸಿದ್ದನ್ನು ಮತ್ತೆ ಸುರಿಯಲು ಮನಸ್ಸಾಗಲಿಲ್ಲ, ನೋಡಿ.

ಒಂದು ಮಧ್ಯಾಹ್ನ ಸಿದ್ದಗಂಗಮ್ಮ ಬಂದರು, ಕೈಯಲ್ಲೊಂದು ಹಳೆಯ ಕೋಟು. ಅವರ ಗಂಡ ಚನ್ನವೀರಯ್ಯ ರೈಲಿನ ಗಾರ್ಡ್ ಆಗಿದ್ದವರು. ಈಗ ಅವರಿಗೆ ಮರೆವು. ಹೆಂಡತಿಯ ಹೆಸರೂ ನೆನಪಿಲ್ಲ.

"ಬೆಳಿಗ್ಗೆ ಕೋಟು ಹಾಕೋದು ಮಾತ್ರ ಮರೆತಿಲ್ಲ ಕಣಮ್ಮ," ಅಂದರು ಸಿದ್ದಗಂಗಮ್ಮ. "ಮೇಲಿಂದ ಒಂದೊಂದೇ ಗುಂಡಿ ಹಾಕ್ಕೊಂಡು ಬರ್ತಾರೆ. ಮೂರನೇದು ಬಿದ್ದುಹೋಗಿದೆ. ಕೈ ಅಲ್ಲೇ ನಿಂತುಬಿಡುತ್ತೆ. 'ಗಾಡಿ ಬಿಡೋ ಹಾಗಿಲ್ಲ' ಅಂತ ಬಾಗಿಲಲ್ಲೇ ನಿಂತಿರ್ತಾರೆ, ತಿಂಡಿ ಮುಟ್ಟಲ್ಲ. ಬೇರೆ ಗುಂಡಿ ಹೊಲಿದು ನೋಡಿದೆ. ಬೆರಳಿಗೆ ಗೊತ್ತಾಗಿ ಕಿತ್ತೆಸೆದರು. ನಾಲ್ಕು ದಿನ ಆಯ್ತು. ಈಗ ಮಲಗಿದ್ದಾರೆ, ಅದಕ್ಕೇ ಕೋಟನ್ನೇ ತಂದೆ."

ಸುಲೋಚನಾ ಉಳಿದ ಗುಂಡಿಗಳನ್ನು ನೋಡಿ ಕಂಪ್ಯೂಟರಿಗೆ ಹೇಳಿದಳು: ಬೂದು ಬಣ್ಣ, ಎರಡು ತೂತು, ಮುಕ್ಕಾಲು ಅಂಗುಲ ಅಗಲ, ಒರಟು ಅಂಚು. ಅದು ಬೂದು ಡಬ್ಬಿಯ ಪಟ್ಟಿಯನ್ನಷ್ಟೇ ನೋಡಿ 'ಇಲ್ಲ' ಅಂದಿತು. ಇನ್ನೊಮ್ಮೆ ಕೇಳಿದಳು. ಇಲ್ಲ. ಸಿದ್ದಗಂಗಮ್ಮ ಕೋಟು ಮಡಿಸತೊಡಗಿದರು.

"ಇಲ್ಲಿ ಕೊಡಿ ತಾಯಿ," ಅಂದರು ಮೂಲೆಯಲ್ಲಿ ಕೂತಿದ್ದ ತುಕಾರಾಮಣ್ಣ. ಹೆಬ್ಬೆರಳು ಗುಂಡಿಯ ಮೇಲೆ ಒಮ್ಮೆ ಹರಿಯಿತು. "ಇದು ನಮ್ಮಲ್ಲಿದೆ. ಈ ಕೋಟಿಗೆ ಗುಂಡಿ ಆರಿಸಿಕೊಟ್ಟವನೇ ನಾನು."

"ಕಂಪ್ಯೂಟರ್ ಇಲ್ಲ ಅಂತಿದೆ ಅಪ್ಪಾ."

"ಅದು ಹುಡುಕಿದ್ದೆಲ್ಲಿ?"

"ಬೂದು ಡಬ್ಬಿಯಲ್ಲಿ."

ಅಪ್ಪ ಮೆಲ್ಲಗೆ ನಕ್ಕರು. "ಕೊಟ್ಟಾಗ ಇದು ಕಡುನೀಲಿ. ಬಿಸಿಲಲ್ಲಿ ಮಾಸಿ ಬೂದು ಬಣ್ಣಕ್ಕೆ ತಿರುಗಿದೆ. ಡಬ್ಬಿಯಲ್ಲಿ ಉಳಿದದ್ದು ಬಿಸಿಲೇ ಕಂಡಿಲ್ಲ, ನೀಲಿಯಾಗೇ ಇದೆ. ಒಂದೇ ಅಂತ ಒಪ್ಪೋವಾಗ ನೀನು ಬಣ್ಣ ಬೇಡ ಅಂದೆ, ಹುಡುಕೋವಾಗ ಬಣ್ಣ ಹಿಡ್ಕೊಂಡು ಹೋದೆ. ಎರಡೂ ಒಂದೇ ಅಂದಮೇಲೆ ಒಂದೇ ಡಬ್ಬಿಯಲ್ಲಿ ಇರಬೇಕಲ್ವಾ ಮಗಳೇ?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಇವಳದೂ ಅದೇ ಕಥೆ. ನಾಚಿಕೆಯಿಂದ ನೀಲಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಳು. ಅಪ್ಪನ ಬೆರಳು ರಾಶಿಯೊಳಗೆ ಓಡಾಡಿ ಒಂದರ ಮೇಲೆ ನಿಂತಿತು. ಅಲ್ಲೇ ಕೂತು ಅವಳು ಅದನ್ನು ಕೋಟಿಗೆ ಹೊಲಿದಳು.

ಮಾರನೆಯ ಬೆಳಿಗ್ಗೆ ಮನಸ್ಸು ತಡೆಯದೆ ಗಾರ್ಡ್ ಮನೆಗೆ ಹೋದಳು. ಚನ್ನವೀರಯ್ಯ ಬಾಗಿಲಲ್ಲಿ ನಿಂತಿದ್ದರು. ಒಂದು. ಎರಡು. ಮೂರನೆಯದರ ಮೇಲೆ ಬೆರಳು ನಿಂತಿತು. ಬೂದು ಗುಂಡಿಗಳ ನಡುವೆ ಅದೊಂದೇ ನೀಲಿ. ಬೆರಳು ಅಂಚನ್ನು ಒಂದು ಸುತ್ತು ಸವರಿತು, ಗುಂಡಿ ಹಾಕಿತು. ನಾಲ್ಕು. ಐದು.

"ಗಾಡಿ ಬಿಡಬಹುದು," ಅಂದರು ಚನ್ನವೀರಯ್ಯ. ಒಳಗೆ ಹೋಗಿ ತಟ್ಟೆಯ ಮುಂದೆ ಕೂತರು. ಸಿದ್ದಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಉಪ್ಪಿಟ್ಟು ಬಡಿಸಿದರು.

ಆ ವಾರವೆಲ್ಲ ಅಪ್ಪ-ಮಗಳು ಅಂಗಡಿಯ ನೆಲದಲ್ಲಿ ಕೂತು ಡಬ್ಬಿಗಳನ್ನು ಮತ್ತೆ ಜೋಡಿಸಿದರು, ಬೆರಳಿನಿಂದ ಸವರಿ ಸವರಿ. ಮೊದಲನೆಯ ನಿಯಮವೂ ತಿದ್ದುಪಡಿಯಾಯಿತು: ಡಬ್ಬಿ ಹುಡುಕುವುದೂ ಇನ್ನು ತೂತು, ಅಗಲ, ಅಂಚಿನಿಂದಲೇ. ಅಂಗಡಿಯಲ್ಲಿ ಮತ್ತೆ ಆ ಹಳೆಯ ಗಲಗಲ ಕೇಳಿಸಿತು. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಅದು ಅಷ್ಟು ಹಿತವೆನಿಸಿತು.

ನೀತಿ: ಯಾವ ಗುರುತಿನಿಂದ ಎರಡನ್ನು ಒಂದೇ ಅನ್ನುತ್ತೀರೋ, ಅದೇ ಗುರುತಿನಿಂದ ಅವುಗಳ ಜಾಗ ಗೊತ್ತುಮಾಡಿ. ಒಂದು ನಿಯಮ ತಿದ್ದಿ ಇನ್ನೊಂದನ್ನು ಬಿಟ್ಟರೆ, ಮನೆಯಲ್ಲೇ ಇರುವುದನ್ನೂ ಇಲ್ಲ ಅಂದು ಬಂದವರನ್ನು ಬರಿಗೈಯಲ್ಲಿ ಕಳಿಸಬೇಕಾಗುತ್ತದೆ.