ಆಮೆ ಮರಿಯ ಅಂಬಿಗತನ

ಕಾಡಿನ ನಟ್ಟನಡುವೆ ಒಂದು ಕೆರೆ ಇತ್ತು ಮಕ್ಕಳೇ. ಈಚೆ ದಡದಲ್ಲಿ ಇಲಿಗಳ ಬಿಲ, ಆಚೆ ದಡದಲ್ಲಿ ಹಣ್ಣು ಸುರಿಸುವ ಅತ್ತಿಮರ. ಏರಿಯ ಮೇಲೆ ನಡೆದು ಹೋಗೋಣವೆಂದರೆ ಅಲ್ಲಿ ನಾಗರಹಾವಿನ ಹುತ್ತ. ಪಾಪ, ಇಲಿಗಳು ಈಚೆ ಕುಳಿತು ಬಾಯಲ್ಲಿ ನೀರೂರಿಸಿಕೊಳ್ಳುತ್ತಿದ್ದವು.

ಇದನ್ನು ಕಂಡ ಆಮೆ ಮರಿ ಡುಬ್ಬ ತಾಯಿ ಮಾಳವ್ವನ ಬಳಿ ಬಂದ.

"ಅಮ್ಮಾ, ನಾನು ಅಂಬಿಗನಾಗ್ತೀನಿ. ಇಲಿಗಳನ್ನ ಬೆನ್ನ ಮೇಲೆ ಕೂರಿಸಿ ದಾಟಿಸ್ತೀನಿ. ಒಂದೊಂದು ಅತ್ತಿಹಣ್ಣು ಕೊಟ್ಟರೆ ಸಾಕು."

ಮಾಳವ್ವ ಹಿಗ್ಗಿದಳು. ಮರುಕ್ಷಣವೇ ಅವಳಿಗೆ ಕೆರೆಯ ಮೇಲೆ ಸುತ್ತುವ ಹದ್ದು ನೆನಪಾಯಿತು. ಹದ್ದಿನ ನೆರಳು ಬಿದ್ದರೆ ಸಾಕು, ಡುಬ್ಬ ತಲೆ ಕಾಲು ಎಲ್ಲ ಚಿಪ್ಪಿನೊಳಗೆ ಎಳೆದುಕೊಳ್ಳುವವನು. ನಡುನೀರಿನಲ್ಲಿ ಹಾಗೆ ಮಾಡಿದರೆ ಬೆನ್ನ ಮೇಲಿದ್ದವರ ಗತಿ?

ಹೆದರಿಕೆ ಬಿಡಿಸಬೇಕಿತ್ತು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಮಗ ಸೋಲುವುದನ್ನು ನೋಡಲಾರದೆ ಮಾಳವ್ವ, ಅವನು ಇಲಿಗಳನ್ನು ದಾಟಿಸುವಾಗಲೆಲ್ಲ ಗುಟ್ಟಾಗಿ ನೀರಿನಡಿಯಲ್ಲಿ ಈಜಿ, ತನ್ನ ಬೆನ್ನಿನಿಂದ ಅವನನ್ನು ಎತ್ತಿ ಹಿಡಿಯುತ್ತಿದ್ದಳು. ಹದ್ದು ಬಂದಾಗ ಡುಬ್ಬ ಕಾಲು ಮುದುಡಿದರೂ ಸವಾರಿ ನಿಲ್ಲುತ್ತಿರಲಿಲ್ಲ.

"ನೋಡಿದೆಯಾ ಅಮ್ಮಾ? ಕೆರೆಯೇ ನನ್ನನ್ನ ತಳ್ಳುತ್ತೆ," ಎಂದು ಡುಬ್ಬ ಬೀಗಿದ. ಮಾಳವ್ವ ನಿಜ ಹೇಳದೆ ನಕ್ಕಳು. ಆ ನಗುವೇ ಮುಂದೆ ಮುಳುವಾಯಿತು.

ಒಂದು ಬೆಳಿಗ್ಗೆ ಮಾಳವ್ವ ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ತೂಕಡಿಸಿದಳು. ಕಣ್ಣು ಬಿಟ್ಟಾಗ ಡುಬ್ಬ ನಡುಕೆರೆಯಲ್ಲಿದ್ದ. ಬೆನ್ನ ಮೇಲೆ ಇಲಿ ಚೂಪಕ್ಕ, ಅವಳಿಗೆ ಅಂಟಿಕೊಂಡು ಮೂರು ಮರಿಗಳು. ನೀರಿನ ಮೇಲೆ ಹದ್ದಿನ ನೆರಳು ಸುತ್ತುತ್ತಿತ್ತು.

ಡುಬ್ಬ ಕಾಲು ಒಳಗೆಳೆದುಕೊಂಡ.

"ಕಾಲಾಡಿಸು ಮಗಾ!" ಮಾಳವ್ವ ಕೂಗುತ್ತಲೇ ನೀರಿಗೆ ಧುಮುಕಿದಳು. ಚಿಪ್ಪಿನೊಳಗಿದ್ದವನಿಗೆ ಯಾವ ಕೂಗು ಕೇಳೀತು? ಚಿಪ್ಪು ಒಂದು ಕಡೆಗೆ ವಾಲಿತು. ಚೂಪಕ್ಕನ ಕಾಲು ನೆನೆಯಿತು, ಹೊಟ್ಟೆ ನೆನೆಯಿತು. ಅವಳು ಮರಿಗಳನ್ನು ಬಾಯಲ್ಲಿ ಕಚ್ಚಿ ಮೇಲೆ ಮೇಲೆ ಎಳೆದುಕೊಳ್ಳುತ್ತಿದ್ದಳು. ಮಾಳವ್ವ ಎಷ್ಟು ಕಾಲು ಬಡಿದು ಈಜಿದರೂ ಆಮೆಯ ವೇಗ ಆಮೆಯದೇ. ಹದ್ದು ರೆಕ್ಕೆ ಮಡಚಿ ಎರಗಿತು.

ಅಷ್ಟರಲ್ಲಿ ಅಲ್ಲಿಗೆ ತಲುಪಿದ ಮಾಳವ್ವ ನೀರಿನಿಂದ ಎದ್ದು ಅಡ್ಡ ಬಂದಳು. ಉಗುರು ಅವಳ ಚಿಪ್ಪಿಗೆ ತಗುಲಿ ಜಾರಿತು. ಹದ್ದು ಬರಿಗೈಯಲ್ಲಿ ಹಾರಿಹೋಗಿ ಮರದ ತುದಿಯಲ್ಲಿ ಕುಳಿತಿತು. ಮಾಳವ್ವ ಮಗನನ್ನು ತಳ್ಳುತ್ತಾ ಅತ್ತಿಮರದ ದಡ ಮುಟ್ಟಿಸಿದಳು.

ಚೂಪಕ್ಕ ಮರಿಗಳ ಮೈ ನೆಕ್ಕಿ ಒರೆಸಿ ತಿರುಗಿದಳು. "ದಿನಾ ದಾಟಿಸ್ತಿದ್ದವಳು ನೀನಾ ಮಾಳವ್ವ? ಮೊದಲೇ ಹೇಳಬಾರದಿತ್ತಾ? ನಾನು ಇವನನ್ನ ನಂಬಿ ಮಕ್ಕಳನ್ನ ಹತ್ತಿಸಿದ್ದೆ."

ಡುಬ್ಬನ ತಲೆ ನಿಧಾನವಾಗಿ ಹೊರಬಂತು. "ಹಾಗಾದರೆ ನಾನು ಒಂದು ಸಲವೂ ದಾಟಿಸಲೇ ಇಲ್ವಾ ಅಮ್ಮಾ?"

ಮಾಳವ್ವನಿಗೆ ಹದ್ದಿನ ಉಗುರಿಗಿಂತ ಈ ಮಾತೇ ಹೆಚ್ಚು ನೋವು ಕೊಟ್ಟಿತು. "ಇಲ್ಲ ಮಗಾ. ತಪ್ಪು ನನ್ನದು. ಹೇಳಿಕೊಡಬೇಕಿತ್ತು, ಹೊತ್ತುಬಿಟ್ಟೆ. ಈಗ ಕೇಳು. ಹೆದರಿಕೆಯಾದರೆ ತಲೆ ಒಳಗಿಟ್ಟುಕೋ, ಯಾರೂ ಬೈಯೋದಿಲ್ಲ. ಕಾಲು ಮಾತ್ರ ನಿಲ್ಲಿಸಬೇಡ."

"ಮೊದಲು ಒಬ್ಬನೇ ನಡುಕೆರೆವರೆಗೂ ಹೋಗಿ ಬಾ. ಆಮೇಲೆ ನೋಡೋಣ," ಎಂದಳು ಚೂಪಕ್ಕ.

ಡುಬ್ಬ ಇಳಿದ. ಮರದ ತುದಿಯ ಹದ್ದು ಮತ್ತೆ ಹಾರಿತು. ನೆರಳು ಬಿತ್ತು. ಡುಬ್ಬನ ತಲೆ ಮಾಯವಾಯಿತು, ಕಾಲೂ ಮಾಯವಾಯಿತು. ಮಾಳವ್ವ ತಟ್ಟನೆ ನೀರಿಗೆ ಕಾಲಿಟ್ಟಳು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿದೆಯಲ್ಲ, ಅಷ್ಟು ಕಷ್ಟದ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಆದರೂ ತೆಗೆದುಕೊಂಡಳು.

ಚಿಪ್ಪು ವಾಲಿತು. ಆಮೇಲೆ ಒಂದು ಕಾಲು ಹೊರಬಂದು ನೀರು ಬಡಿಯಿತು, ಇನ್ನೊಂದು ಬಂತು. ತಲೆ ಒಳಗೇ ಇಟ್ಟುಕೊಂಡು, ದಿಕ್ಕು ತಪ್ಪಿ ಸೊಟ್ಟಸೊಟ್ಟವಾಗಿ ಈಜುತ್ತಾ ಡುಬ್ಬ ದಡಕ್ಕೆ ಬಂದು ಡಿಕ್ಕಿ ಹೊಡೆದ.

ಚೂಪಕ್ಕ ಆಕಾಶ ಖಾಲಿಯಾಗುವವರೆಗೆ ಕಾದಳು. ಆಮೇಲೆ ಬಿಲದ ದಡಕ್ಕೆ ಮರಳಲು ಡುಬ್ಬನ ಬೆನ್ನ ಮೇಲೆ ಮರಿಗಳನ್ನು ಹತ್ತಿಸಿ ತಾನೂ ಹತ್ತಿದಳು.

ಮಾಳವ್ವ ಹಿಂದೆಯೇ ಹೊರಟಳು. ಡುಬ್ಬ ತಿರುಗಿ ನೋಡಿದ.

"ನೀನು ಇಲ್ಲೇ ಇರಮ್ಮ."

ಮಾಳವ್ವ ಅಲ್ಲೇ ಉಳಿದಳು.

ನೀತಿ: ಮಕ್ಕಳ ಕೆಲಸವನ್ನು ಕದ್ದು ಹೊತ್ತರೆ ಅವರು ಕಲಿಯುವುದಿಲ್ಲ, ಅವರನ್ನು ನಂಬಿದವರು ಮುಳುಗುತ್ತಾರೆ. ಹೇಳಿಕೊಟ್ಟು ದಡದಲ್ಲಿ ನಿಲ್ಲುವುದೇ ನಿಜವಾದ ನೆರವು.