ಹೊನ್ನವ್ವನ ಕಾವಲು

“ಗುರುಗಳೇ, ರಕ್ತದಲ್ಲಿ ಬಂದ ಕುಡಿತವನ್ನು ಮಗುವಿನ ಮೈಯಿಂದ ತೆಗೆಯುವುದು ಹೇಗೆ?” ಎಂದು ಬಸಲಿಂಗ ಕೇಳಿದ.

ಅವನ ಅಜ್ಜ ಕುಡಿದು ಸತ್ತಿದ್ದ. ಅಪ್ಪನೂ ಕುಡಿದು ಸತ್ತಿದ್ದ. ಬಸಲಿಂಗ ಮಾತ್ರ ಒಂದು ಹನಿ ಮುಟ್ಟಿದವನಲ್ಲ. ಅವನಿಗೆ ಏಳು ವರ್ಷದ ಮಗನಿದ್ದ. “ಈಗಿನಿಂದಲೇ ಅವನನ್ನು ಬಿಗಿಯಾಗಿ ಇಟ್ಟಿದ್ದೇನೆ. ಆದರೂ ಹೆದರಿಕೆ ಹೋಗುತ್ತಿಲ್ಲ,” ಎಂದ.

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಎಣ್ಣೆ ಮಾರಲು ಸಂತೆಗೆ ಹೋದರೆ ಹೆಂಡದಂಗಡಿ ಹೊಕ್ಕು ಕೂರುತ್ತಿದ್ದ. ಒಂದು ದಿನ ಮರಳುವ ದಾರಿಯಲ್ಲಿ ತನ್ನ ಗಾಡಿಯಿಂದಲೇ ಬಿದ್ದು, ಚಕ್ರ ಮೈಮೇಲೆ ಹಾದು ಸತ್ತ. ಅವನ ಹೆಂಡತಿ ಹೊನ್ನವ್ವ. ಕಲ್ಲಪ್ಪ, ಬಾಳಪ್ಪ ಎಂದು ಐದು ವರ್ಷದ ಅವಳಿ ಗಂಡುಮಕ್ಕಳು.

ಮಣ್ಣು ಕೊಟ್ಟು ಬಂದ ದಿನ ಊರಿನ ಹಿರಿಯನೊಬ್ಬ, “ಇವನಪ್ಪನೂ ಹೀಗೇ ಹೋದ. ಈ ಮನೆತನದ ರಕ್ತದಲ್ಲೇ ಹೆಂಡ ಇದೆ. ಹುಡುಗರ ಮೇಲೆ ಕಣ್ಣಿಡು ತಾಯಿ,” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆ ಮಾತು ಹೊನ್ನವ್ವನ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು.

ಇಬ್ಬರನ್ನೂ ಸಾಕುವುದು ಅವಳ ಕೈಲಾಗುವಂತಿರಲಿಲ್ಲ. ಮಕ್ಕಳಿಲ್ಲದ ಅವಳ ಅಕ್ಕ ಬಂದು ಬಾಳಪ್ಪನನ್ನು ತನ್ನೂರಿಗೆ ಕರೆದೊಯ್ದಳು. ಕಲ್ಲಪ್ಪ ತಾಯಿಯ ಬಳಿ ಉಳಿದ.

ಅಂದಿನಿಂದ ಹೊನ್ನವ್ವ ಅವನಿಗೆ ಕಾವಲು ಕೂತಳು. ದಿನವೂ ಸಂಜೆ ಅವನು ಹೊಸ್ತಿಲಿಗೆ ಬಂದೊಡನೆ ಬಾಯಿ ತೆಗೆಸಿ ಮೂಸುತ್ತಿದ್ದಳು. ತಡವಾಗಿ ಬಂದರೆ ಎತ್ತಿಗೆ ಹೊಡೆಯುವ ಬಾರುಕೋಲಿನಿಂದ ಹೊಡೆಯುತ್ತಿದ್ದಳು. ಜೋರಾಗಿ ನಕ್ಕರೆ, ಅವನಪ್ಪ ಕುಡಿದಾಗ ಹೀಗೇ ನಗುತ್ತಿದ್ದ ಎಂದು ಹೊಡೆಯುತ್ತಿದ್ದಳು. ಎದುರು ಮಾತಾಡಿದರೆ ಹಿಂಡಿ ತುಂಬಿಡುವ ಕತ್ತಲೆ ಕೋಣೆಗೆ ಹಾಕಿ ಅಗುಳಿ ಜಡಿಯುತ್ತಿದ್ದಳು. ಅವಳು ಕೆಟ್ಟವಳಲ್ಲ. ಹೊಡೆದ ಮೇಲೆ ಬಾಸುಂಡೆಗೆ ತಾನೇ ಎಣ್ಣೆ ಸವರಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೆಲವು ವರ್ಷಗಳ ನಂತರ ಹುಡುಗ ಅಳುವುದನ್ನೇ ಬಿಟ್ಟ. ಹಾದಿಗೆ ಬಂದ ಎಂದು ಅವಳು ನಂಬಿದಳು.

ಹದಿನೆಂಟನೆಯ ವಯಸ್ಸಿನಲ್ಲಿ ಕಲ್ಲಪ್ಪ ಹಾಡಹಗಲೇ ಕುಡಿದು ಗಾಣದ ಪಕ್ಕ ಬಿದ್ದಿದ್ದ. ಹೊನ್ನವ್ವ ಹಣೆ ಹಣೆ ಚಚ್ಚಿಕೊಂಡಳು. ಮುಂದೆ ಅವನು ನಿಲ್ಲಿಸಲಿಲ್ಲ. ಮೂವತ್ತು ತುಂಬುವುದರೊಳಗೆ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾದವು. ವೈದ್ಯರು ಕೈಚೆಲ್ಲಿದರು.

ಅಣ್ಣನನ್ನು ನೋಡಲು ಬಾಳಪ್ಪ ಬಂದ. ಗಟ್ಟಿಮುಟ್ಟಾಗಿದ್ದ. ಹೊನ್ನವ್ವ ಅವನ ಗಲ್ಲ ಸವರಿ, “ಆ ರಕ್ತ ನಿನಗಾದರೂ ಬರಲಿಲ್ಲವಲ್ಲ ಮಗನೇ. ಶಿವ ನಿನ್ನ ಮೇಲೆ ಕರುಣೆ ತೋರಿದ,” ಎಂದಳು.

ಬಾಳಪ್ಪ ತಲೆಯಾಡಿಸಿದ. “ನನಗೂ ಬಂದಿದೆ ಅವ್ವ. ಹದಿನಾರರಲ್ಲಿ ಗೆಳೆಯನ ಮದುವೆಯಲ್ಲಿ ಕುಡಿದೆ. ಉಳಿದವರಿಗೆ ಸಾಕಾಯಿತು, ನನಗೆ ಸಾಕಾಗಲಿಲ್ಲ. ಮರುದಿನವೂ ಬೇಕೆನಿಸಿತು, ಅದರ ಮರುದಿನವೂ ಬೇಕೆನಿಸಿತು. ನನಗೇ ದಿಗಿಲಾಗಿ ಮನೆಗೆ ಬಂದು ದೊಡ್ಡವ್ವನಿಗೆ ಹೇಳಿದೆ.”

“ಹೊಡೆದಳೇ?”

“ಊಟ ಆಯಿತೇ ಎಂದು ಕೇಳಿದಳು. ಆಮೇಲೆ, ಬೇಕೆನಿಸಿದಾಗಲೆಲ್ಲ ಮೊದಲು ನನ್ನ ಹತ್ತಿರ ಬಾ ಎಂದಳು. ಎಷ್ಟೋ ಸಲ ಹೋದೆ. ಆಸೆ ಇವತ್ತಿಗೂ ಸತ್ತಿಲ್ಲ ಅವ್ವ. ಮತ್ತೆ ಕುಡಿದಿಲ್ಲ, ಅಷ್ಟೇ.”

ಹೊನ್ನವ್ವ ದಿಗ್ಭ್ರಮೆಗೊಂಡಳು. ಒಂದೇ ಬಸಿರಲ್ಲಿ ಬಂದವರು, ಒಂದೇ ರಕ್ತ. ಕಾವಲಿದ್ದವನು ಸಾಯುತ್ತಿದ್ದ. ಕಾವಲಿಲ್ಲದವನು ಎದುರಿಗೆ ನಿಂತಿದ್ದ. ಅವಳು ಗಂಜಿಯ ಬಟ್ಟಲು ಹಿಡಿದು ಕಲ್ಲಪ್ಪನ ಹಾಸಿಗೆಯ ಬಳಿ ಹೋದಳು.

“ಹದಿನೆಂಟು ತುಂಬುವವರೆಗೆ ತಡೆದಿಟ್ಟೆನಲ್ಲೋ. ಆಮೇಲೆ ಯಾಕೆ ಶುರುಮಾಡಿದೆ?” ಎಂದು ಕೇಳಿದಳು.

“ಹದಿನೆಂಟಕ್ಕಲ್ಲ ಅವ್ವ,” ಎಂದ ಕಲ್ಲಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಶುರುಮಾಡಿದಾಗ ನನಗೆ ಒಂಬತ್ತು. ಬೆಳಿಗ್ಗೆ ಎತ್ತು ಹೊಡೆದುಕೊಂಡು ಹೋಗುವಾಗ, ಈಚಲ ಮರದಡಿ ಇಳಿಸಿಟ್ಟ ಹೆಂಡದ ಗಡಿಗೆಯಿಂದ ಕುಡಿಯುತ್ತಿದ್ದೆ. ನೀನು ಮೂಸುವ ಹೊತ್ತಿಗೆ ವಾಸನೆ ಹೋಗಿರುತ್ತಿತ್ತು.”

“ಅಷ್ಟು ಸಣ್ಣವನು, ಯಾಕೋ?”

“ಕುಡಿದರೆ ಇಡೀ ಹಗಲು ಸಂಜೆಯ ಭಯ ಇರುತ್ತಿರಲಿಲ್ಲ.”

ಬಟ್ಟಲು ಓರೆಯಾಗಿ ಬಿಸಿ ಗಂಜಿ ಹೊನ್ನವ್ವನ ಕಾಲಮೇಲೆ ಸುರಿಯಿತು. ಅದು ಅವಳಿಗೆ ತಿಳಿಯಲಿಲ್ಲ. ಹೆಂಡದಿಂದ ದೂರವಿಡಲು ಹೊಡೆದಿದ್ದಳು. ಆ ಹೊಡೆತದ ಭಯ ಮರೆಯಲು ಮಗ ಹೆಂಡದ ಹತ್ತಿರ ಹೋಗಿದ್ದ. ಇಷ್ಟು ವರ್ಷ ಗಂಡನ ರಕ್ತವನ್ನು ಶಪಿಸಿದವಳಿಗೆ ಈಗ ಶಪಿಸಲು ಯಾರೂ ಉಳಿಯಲಿಲ್ಲ. ಬಾಳಪ್ಪ ಓಡಿ ಬಂದು ಅವಳ ಕಾಲಿಗೆ ನೀರು ಹಾಕಿದ. ಅವಳು ಕಲ್ಲಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಕಲ್ಲಪ್ಪ ಮತ್ತೆ ಹನ್ನೊಂದು ದಿನ ಬದುಕಿದ. ಅಷ್ಟೂ ದಿನ ಹೊನ್ನವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೊದಲ ದಿನಗಳಲ್ಲಿ ಅವಳು ಹಣೆ ಸವರಲು ಕೈ ಎತ್ತಿದಾಗಲೆಲ್ಲ ಸಾಯುತ್ತಿದ್ದ ಮಗ ಕಣ್ಣು ಮುಚ್ಚಿ ಮುಖವನ್ನು ಅತ್ತ ತಿರುಗಿಸುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗನ ಮುಖ ಬಿಳಿಚಿತ್ತು. “ಹಾಗಾದರೆ ರಕ್ತದಲ್ಲಿ ಬರುವುದು ಸುಳ್ಳೇ, ಗುರುಗಳೇ?” ಎಂದು ಕೇಳಿದ.

“ಸುಳ್ಳಲ್ಲ,” ಎಂದರು ಗುರುಗಳು. “ಆದರೆ ಬಸಲಿಂಗ, ನೀನು ಮನೆಗೆ ಹೋದಾಗ ನಿನ್ನ ಮಗ ಎದುರಿಗೆ ಓಡಿ ಬರುತ್ತಾನೋ, ಒಳಗೆ ಓಡಿ ಹೋಗುತ್ತಾನೋ?”

ಬಸಲಿಂಗ ಎದ್ದು ಮನೆಯ ದಾರಿ ಹಿಡಿದ.