ಬೋರಲಿಂಗ ಕಪ್ಪಿಯ ಕೆಚ್ಚಲು ನೋಡಿದ್ದು

ಹತ್ರ ಬಂದು ಕೂತ್ಕೊಳ್ರಪ್ಪಾ, ಇದನ್ನ ಹೇಳ್ದೆ ನಂಗೆ ಅನ್ನ ಇಳಿಯಲ್ಲ. ಚೌಡಮ್ಮ ಅಂತ ಒಬ್ಳು. ಅವಳಿಗೆ ಬೋರಲಿಂಗ ಅಂತ ಒಬ್ಬ ಮಗ, ಕಪ್ಪಿ ಅಂತ ಒಂದು ಹಸ. ಹಸೀಗೆ ಬುದ್ಧಿ ಇತ್ತು. ಮಗ ಮೂವತ್ತು ವರ್ಷದ ಗಂಡಸು, ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವಳ ಗೋಳು.

ಒಂದಿನ ಡೇರಿಯ ದೊಡ್ಡ ಕ್ಯಾನಲ್ಲಿ ಊರೋರ ಹಾಲೆಲ್ಲಾ ಒಡೆದುಹೋಯ್ತು. ಡೇರಿ ಸೆಕ್ರೆಟರಿ ಮಾದಪ್ಪ ಬಂದ. "ನಿನ್ನ ಹಸೀಗೆ ಕೆಚ್ಚಲುಬಾವು ಇರಂಗದೆ ಚೌಡಮ್ಮ. ಇನ್ನೊಂದ್ಸಲ ಹಿಂಗಾದ್ರೆ ನಿಮ್ಮನೆ ಹಾಲು ಡೇರಿಗೆ ಬ್ಯಾಡ" ಅಂದ. ಚೌಡಮ್ಮ ಓಡೋಡಿ ದನದ ಡಾಕ್ಟ್ರ ಹತ್ರ ಹೋದ್ಲು. ಅವರು ನಾಲ್ಕು ಬಟ್ಟಲಿನ ಒಂದು ತಟ್ಟೆ, ಒಂದು ಬಾಟ್ಲಿ ನೇರಳೆ ಔಷಧಿ ಕೊಟ್ರು. "ಹಾಲಿಗೆ ಇದನ್ನ ಬೆರೆಸಿ ಅಲ್ಲಾಡಿಸಮ್ಮ. ಯಾವ ಮೊಲೆ ಹಾಲು ಲೋಳೆ ಆಗುತ್ತೋ ಅದಕ್ಕೇ ಬಾವು. ಬೇಗ ಗೊತ್ತಾದ್ರೆ ವಾಸಿ ಮಾಡ್ಬೋದು" ಅಂದ್ರು.

ಅವ್ವನ ಕಣ್ಣು ಮಂಜು, ಮಗನೇ ಮಾಡ್ಬೇಕು. "ನಾಲ್ಕು ಬಟ್ಟಲಿಗೂ ಹಾಲು ಹಿಂಡ್ಕೊಂಡು ಬಾರ್ಲಾ" ಅಂದ್ಲು. ಹಿಂಡ್ಕೊಂಡು ಬಂದ. ನಾಲ್ಕಕ್ಕೂ ಒಂದೇ ಮೊಲೆಯಿಂದ!

"ಅಯ್ಯೋ ನನ್ನ ಹಣೆಬರಹವೇ. ಒಂದೊಂದು ಬಟ್ಟಲಿಗೆ ಒಂದೊಂದು ಮೊಲೆ ಕಣ್ಲಾ. ಒಂದ್ಸಲ ಹಿಂಡಿದ್ಮೇಲೆ ಅದರ ತಂಟೆಗೆ ಹೋಗ್ಬ್ಯಾಡ."

"ಆಯ್ತು ಕಣವ್ವ."

ಸಂಜೆ ಒಂದೊಂದು ಮೊಲೆಯಿಂದ ಒಂದೊಂದು ಸಲ ಹಿಂಡಿದ, ಎದ್ದು ಬಂದ. ಹಾಲೇ ಕರೀಲಿಲ್ಲ! ಕೆಚ್ಚಲು ಕಲ್ಲಾಗಿ ಕಪ್ಪಿ ಒಂದೇ ಸಮ ಅರಚ್ತು. ತಟ್ಟೆ ನೋಡೋದು ಬಿಟ್ಟು ಚೌಡಮ್ಮ ಕೊಟ್ಟಿಗೆಗೆ ಓಡಿ ತಾನೇ ಕರೆದ್ಲು.

"ಹಾಲು ಒಳಗೇ ನಿಂತ್ರೆ ಬಾವು ಜಾಸ್ತಿ ಆಯ್ತದೆ ಕಣ್ಲಾ ಮಂಕೆ. ಇನ್ಮೇಲೆ ಒಂದು ತೊಟ್ಟೂ ಬಿಡದಂಗೆ ಕರಿ."

"ಆಯ್ತು ಕಣವ್ವ."

ಬೆಳಿಗ್ಗೆ ಎದ್ದೋನೇ ಒಂದು ತೊಟ್ಟೂ ಬಿಡದಂಗೆ ಕರೆದ. ಆಮೇಲೆ ತಟ್ಟೆ ಹಿಡಿದ. ಕೆಚ್ಚಲಲ್ಲಿ ಏನಿದೆ, ಮಣ್ಣು? ಬಕೆಟ್ಟಿಂದ್ಲೇ ನಾಲ್ಕು ಬಟ್ಟಲೂ ತುಂಬಿದ. ಎಲ್ಲಾ ಹಾಲೂ ಕಲೆತುಹೋಗಿ, ಕೆಟ್ಟದ್ದು ಯಾವ್ದು ಅಂತ ದೇವರಿಗೂ ತಿಳೀಲಿಲ್ಲ. "ಚೆಲ್ಲು ಅದನ್ನ" ಅಂದ್ಲು ಅವ್ವ. ಕಪ್ಪಿ ಮಲಗೋ ಜಾಗದಲ್ಲೇ ಚೆಲ್ಲಿದ.

"ಕೊಟ್ಟಿಗೇಲಿ ಚೆಲ್ಲಿದ್ರೆ ಬಾವು ಉಳಿದ ಮೊಲೆಗೂ ಹತ್ತುತ್ತೆ ಕಣ್ಲಾ. ಮೊದ್ಲು ತಟ್ಟೆಗೆ ಹಿಂಡಿ ನೋಡು, ಆಮೇಲೆ ಕರಿ. ಕೆಟ್ಟದ್ದನ್ನ ಬೇರೆ ಚೊಂಬಿಗೆ ಕರೆದು, ಕೊಟ್ಟಿಗೆಯಿಂದ ದೂರ ತಗೊಂಡೋಗಿ ಸುರಿ. ತಿಳೀತಾ?"

"ತಿಳೀತು ಕಣವ್ವ."

ಆ ಸಂಜೆ ನೀವು ನೋಡ್ಬೇಕಿತ್ತು. ಎಲ್ಲಾ ಸರಿಯಾಗಿ ಮಾಡಿದ ಕಣ್ರಪ್ಪಾ! ಮೂರು ಬಟ್ಟಲು ತೆಳ್ಳಗೆ, ನಾಲ್ಕನೇದು ಲೋಳೆ ಲೋಳೆ. ಹಿಂದಿನ ಬಲಗಡೆ ಮೊಲೆ. ಫೋನಲ್ಲಿ ಡಾಕ್ಟ್ರು, "ಸರಿಯಾದ ಹೊತ್ತಿಗೆ ಹಿಡಿದ್ರಿ, ಬೆಳಿಗ್ಗೆ ಬಂದು ಔಷಧಿ ಹಾಕ್ತೀನಿ, ವಾಸಿ ಆಗುತ್ತೆ" ಅಂದ್ರು. ಚೌಡಮ್ಮ ಸಂತೋಷಕ್ಕೆ ಅತ್ತೇಬಿಟ್ಳು. ಒಂದು ಕೈಲಿ ಒಳ್ಳೆ ಹಾಲಿನ ಬಕೆಟ್ಟು, ಇನ್ನೊಂದು ಕೈಲಿ ಕೆಟ್ಟ ಹಾಲಿನ ಚೊಂಬು ಹಿಡಿದು ಬೋರಲಿಂಗ ಹೊರಟ.

ಬೀದಿ ತುದೀಲಿ ತಿರುಗಿ ನೋಡಿದ, ಕೊಟ್ಟಿಗೆ ಕಾಣ್ತಿತ್ತು. ಕೆರೆ ಏರಿ ಮೇಲೆ ನೋಡಿದ, ಇನ್ನೂ ಕಾಣ್ತಿತ್ತು. ಡೇರಿ ಬಾಗ್ಲಲ್ಲಿ ನೋಡಿದ, ಕಾಣಲಿಲ್ಲ. ಮಾದಪ್ಪ ಬಕೆಟ್ಟಿನ ಹಾಲು ಪರೀಕ್ಷೆ ಮಾಡಿ, "ಭೇಷ್" ಅಂದು ದೊಡ್ಡ ಕ್ಯಾನಿಗೆ ಸುರಿದ. ಬೋರಲಿಂಗ ಕೆಳಗೆ ನೋಡಿದ. ನೆಲ ತೊಳೆದು ಥಳಥಳ ಅಂತಿತ್ತು, ಗಲೀಜು ಮಾಡೋಕೆ ಮನಸ್ಸು ಬರಲಿಲ್ಲ. ಚೊಂಬನ್ನೂ ಅದೇ ಕ್ಯಾನಿಗೆ, ಊರೋರ ಹಾಲಿಗೇ ಬಗ್ಗಿಸಿಬಿಟ್ಟ.

ಎದ್ದೆನೋ ಬಿದ್ದೆನೋ ಅಂತ ಮನೆಗೆ ಓಡಿಬಂದ.

"ಅವ್ವಾ, ಕೊಟ್ಟಿಗೆಯಿಂದ ಬಲು ದೂರ ಸುರಿದು ಬಂದೆ. ಅಗೋ, ಊರೋರ್ನೆಲ್ಲ ಕರ್ಕೊಂಡು ಮಾದಪ್ಪನೇ ಬತ್ತಾವ್ನೆ, ಬೇಕಾದ್ರೆ ಕೇಳು."